ಡಿಕ್ಕಿ ಒಳಗಿನ ಚುಕ್ಕಿ ಪೇಂಟ್: 64ರ ಇಂಪಾಲಾಗೆ ಫ್ಯಾಕ್ಟರಿ ಫಿನಿಷ್ ವಾಪಸ್ ತರೋದು ಹೇಗೆ?

ಇಂಪಾಲಾ64_ಸರಸ್ವತಿಪುರಂ (ಮೇ 24)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ವಿಷಯ ಹೇಳಿದರೆ ಉತ್ತರವೂ ಅರ್ಧವೇ ಸಿಗುತ್ತದೆ.

ನಮ್ಮ ದೊಡ್ಡಪ್ಪನ ಹತ್ತಿರ 1964ರ ಶೆವ್ರೊಲೆ ಇಂಪಾಲಾ ಇದೆ. ಮೊದಲು ದೆಹಲಿಯಲ್ಲಿ ಯಾವುದೋ ರಾಯಭಾರ ಕಚೇರಿಯಲ್ಲಿ ಇತ್ತಂತೆ. ಆಮೇಲೆ ಸರ್ಕಾರದ ಎಸ್‌ಟಿಸಿ (ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ಮಾರಾಟವಾಗಿ, ಎರಡು ಕೈ ದಾಟಿ, 1979ರಲ್ಲಿ ಮೈಸೂರಿಗೆ ಬಂತು. ನಮ್ಮ ಮನೆಯ ನಾಲ್ಕು ಮದುವೆಗೆ ಓಡಿದೆ. ಕಳೆದ ಇಪ್ಪತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತೇ ಇತ್ತು. ದೊಡ್ಡಪ್ಪನಿಗೆ ಈಗ 81 ವರ್ಷ. ದಸರಾ ಹೊತ್ತಿಗೆ ಅವರನ್ನು ಅದರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು ಅನ್ನೋದು ಮನೆಯವರೆಲ್ಲರ ಆಸೆ.

ಇಂಜಿನ್ ಕೆಲಸ ಮುಗಿದಿದೆ. ಹೊರಗಿನ ಬಣ್ಣದ ಬಗ್ಗೆ ಗೊಂದಲವಿಲ್ಲ. ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ಮೇಲೆ, ಕಾರಿನ ಬಾಡಿ ಮಾಡಿದ ಫಿಶರ್ ಬಾಡಿ ಕಂಪನಿಯ ತಗಡಿನ ಪ್ಲೇಟ್ ಕಾಣುತ್ತದೆ. ಅದರಲ್ಲಿ ಪೇಂಟ್ ನಂಬರ್ 936 ಅಂತ ಒತ್ತಿದ್ದಾರೆ, ಅಂದರೆ ಎರ್ಮಿನ್ ವೈಟ್. ಆದರೆ ಡಿಕ್ಕಿ ಒಳಗೆ ಯಾವ ಬಣ್ಣ ಅಂತ ಆ ಪ್ಲೇಟಿನಲ್ಲಿ ಒಂದಕ್ಷರವೂ ಇಲ್ಲ.

ಹಳೇ ಅಮೆರಿಕನ್ ಕಾರಿನ ಡಿಕ್ಕಿ ನೋಡಿದವರಿಗೆ ಗೊತ್ತಿರುತ್ತದೆ. ಒಳಗೆ ಬರೀ ಒಂದು ಬಣ್ಣ ಇರುವುದಿಲ್ಲ. ಗಾಢ ಬೂದು ನೆಲ, ಅದರ ಮೇಲೆ ಬಿಳಿ ಚುಕ್ಕಿ ಚೆಲ್ಲಿದ ಹಾಗೆ. ನಮ್ಮ ಅಜ್ಜಿ ಮನೆಯ ಮೊಸಾಯಿಕ್ ನೆಲ ಇತ್ತಲ್ಲ, ಹಾಗೆ. ಚಿಕ್ಕವನಿದ್ದಾಗ ಸಾಮಾನು ಇಡುವಾಗೆಲ್ಲ ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಿದ್ದೆ. ಕೈಗೆ ಸಣ್ಣಗೆ ಉಬ್ಬು ಸಿಗುತ್ತಿತ್ತು.

ಈಗ ಸಮಸ್ಯೆ ಹೇಳುತ್ತೇನೆ. ಬಾಡಿ ಕೆಲಸಕ್ಕೆ ಕೊಟ್ಟಿದ್ದ ಗ್ಯಾರೇಜಿನವರು ನನ್ನನ್ನು ಕೇಳದೆ ಡಿಕ್ಕಿ ಒಳಗೆ ಅಂಡರ್‌ಬಾಡಿಗೆ ಹೊಡೆಯುವ ಕಪ್ಪು ಕೋಟಿಂಗ್ ಹೊಡೆಯಲು ಶುರು ಮಾಡಿದ್ದರು. "ತುಕ್ಕು ಹಿಡಿಯಲ್ಲ ಸರ್, ಒಳಗೆ ಯಾರು ನೋಡ್ತಾರೆ" ಅಂದರು. ನಾನು ಹೋಗುವಷ್ಟರಲ್ಲಿ ಬಲಗಡೆ ಪೂರ್ತಿ ಡಾಂಬರು ಬಳಿದ ಹಾಗೆ ಆಗಿತ್ತು. ಎಡಗಡೆ ಮಾತ್ರ ಉಳಿಯಿತು. ಆ ಸಂಜೆ ಊಟ ಸೇರಲಿಲ್ಲ ನನಗೆ.

ಕೇಳಬೇಕಿರುವುದು ಎರಡೇ. ಆ ಕಪ್ಪನ್ನು ಕೆಳಗಿನ ಮೂಲ ಪೇಂಟ್ ಹಾಳಾಗದ ಹಾಗೆ ತೆಗೆಯಬಹುದಾ? ಮತ್ತೆ, ಮೂಲ ಪೇಂಟ್ ಹೋಗಿರುವ ಕಡೆ ಆ ಚುಕ್ಕಿಯನ್ನು ಮತ್ತೆ ಹುಟ್ಟಿಸೋದು ಹೇಗೆ?

ಪೇಂಟರ್_ಮಗ_ಮಂಡಿಮೊಹಲ್ಲಾ (ಮೇ 24)

ಅಣ್ಣ, ಮೊದಲು ಒಂದು ಮಾತು. ಗ್ರೈಂಡರ್ ಹಚ್ಚೋಕೆ ಬಿಡಬೇಡಿ. ಥಿನ್ನರ್ ಬಟ್ಟೆ ಹತ್ತಿರ ಕೂಡ ತರಬೇಡಿ. ಶೆವ್ರೊಲೆ ಮಾಡುವ ಜಿಎಂ (ಜನರಲ್ ಮೋಟಾರ್ಸ್) ಕಂಪನಿಯ ಆ ಕಾಲದ ಕಾರುಗಳ ಪೇಂಟು ಲ್ಯಾಕರ್. ಎಷ್ಟೇ ವರ್ಷ ಆದರೂ ಥಿನ್ನರ್ ಮುಟ್ಟಿದರೆ ಲ್ಯಾಕರ್ ಮತ್ತೆ ಕರಗುತ್ತದೆ. ಸಿಂಥೆಟಿಕ್ ಎನಾಮಲ್ ಹಾಗಲ್ಲ, ಒಂದು ಸಲ ಗಟ್ಟಿಯಾದರೆ ಸುಕ್ಕುಗಟ್ಟಬಹುದು, ಎದ್ದು ಬರಬಹುದು, ಆದರೆ ಕರಗಿ ಬಟ್ಟೆಗೆ ಹತ್ತಲ್ಲ. ನಮ್ಮಪ್ಪ ಯಾವ ಕಾರು ಬಂದರೂ ಮೊದಲು ಮೂಲೆಯಲ್ಲಿ ಹತ್ತಿ ಉಂಡೆಗೆ ಒಂದು ಹನಿ ಥಿನ್ನರ್ ಹಾಕಿ ಒತ್ತಿ ನೋಡುತ್ತಿದ್ದರು. ಹತ್ತಿಗೆ ಬಣ್ಣ ಬಂದರೆ ಲ್ಯಾಕರ್ ಅಂತ ಲೆಕ್ಕ.

ಕಪ್ಪು ಕೋಟ್ ಹೊಡೆದು ಎಷ್ಟು ದಿನ ಆಯ್ತು?

ಇಂಪಾಲಾ64_ಸರಸ್ವತಿಪುರಂ (ಮೇ 24)

ಮೂರು ದಿನ ಆಯ್ತು. ಉಗುರು ಒತ್ತಿದರೆ ಇನ್ನೂ ಗುಂಡಿ ಬೀಳುತ್ತದೆ.

ಪೇಂಟರ್_ಮಗ_ಮಂಡಿಮೊಹಲ್ಲಾ (ಮೇ 24)

ಹಾಗಾದರೆ ಬದುಕಿದಿರಿ. ಇವತ್ತೇ ಶುರು ಮಾಡಿ, ಬಿಸಿಲಲ್ಲಿ ಒಣಗೋಕೆ ಬಿಡಬೇಡಿ.

ಕೆಮಿಸ್ಟ್ರಿ_ಟೀಚರ್ (ಮೇ 25)

ಪೇಂಟರ್ ಮಗ ಹೇಳಿದ್ದು ಸರಿ. ಅದಕ್ಕೆ ಕಾರಣ ನಾನು ಹೇಳುತ್ತೇನೆ, ಕಾರಣ ಗೊತ್ತಿದ್ದರೆ ಕೈ ಹೆದರುವುದಿಲ್ಲ.

ಆ ಕಪ್ಪು ಕೋಟಿಂಗಿನಲ್ಲಿ ಮುಖ್ಯವಾಗಿ ಇರುವುದು ಡಾಂಬರಿನ ಜಾತಿಯ ವಸ್ತು. ಅದು ಸೀಮೆಎಣ್ಣೆಗೆ, ಮಿನರಲ್ ಟರ್ಪೆಂಟೈನಿಗೆ ಕರಗುತ್ತದೆ. ಲ್ಯಾಕರ್ ಹಳೇ ನೈಟ್ರೊಸೆಲ್ಯುಲೋಸ್ ಆಗಿರಲಿ, ಆಮೇಲೆ ಬಂದ ಅಕ್ರಿಲಿಕ್ ಆಗಿರಲಿ, ಈ ಎರಡಕ್ಕೂ ಕರಗುವುದಿಲ್ಲ. ಅದಕ್ಕೆ ಥಿನ್ನರೇ ಬೇಕು. ಅಂದರೆ ಮೇಲಿನದು ಬಿಡುತ್ತದೆ, ಕೆಳಗಿನದು ಉಳಿಯುತ್ತದೆ. ನಿಮ್ಮ ಅದೃಷ್ಟ ಇರುವುದು ಈ ವ್ಯತ್ಯಾಸದಲ್ಲೇ.

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗಲ್ಲ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು. ಹಳೇ ಕಾಟನ್ ಪಂಚೆ ತುಂಡು ನೆನೆಸಿ ಮೇಲೆ ಹಾಸಿ, ಹತ್ತು ನಿಮಿಷ ಬಿಡಿ, ಮರದ ಚಮಚದಲ್ಲೋ ಪ್ಲಾಸ್ಟಿಕ್ ಪಟ್ಟಿಯಲ್ಲೋ ಮೆಲ್ಲಗೆ ಎತ್ತಿ. ಕಬ್ಬಿಣದ ಪಟ್ಟಿ ಬೇಡ. ಮೊದಲು ಎಡಗಡೆ ಕಾಣದ ಮೂಲೆಯಲ್ಲಿ ಬರೀ ಟರ್ಪೆಂಟೈನ್ ಹಚ್ಚಿ ಮೂಲ ಪೇಂಟಿಗೆ ಏನಾಗುತ್ತದೆ ನೋಡಿ. ಏನೂ ಆಗದಿದ್ದರೆ ಮಾತ್ರ ಮುಂದೆ ಹೋಗಿ.

ಡಿಕ್ಕಿ ಒಳಗೆ ತಲೆ ಹಾಕಿ ಕೆಲಸ ಮಾಡುವಾಗ ಫ್ಯಾನ್ ಇಟ್ಟುಕೊಳ್ಳಿ. ಬೀಡಿ, ಸಿಗರೇಟು, ದೀಪ ಯಾವುದೂ ಹತ್ತಿರ ಇರಬಾರದು. ಬ್ಯಾಟರಿ ವೈರ್ ಕಳಚಿಟ್ಟಿರಿ.

ಮಂಡ್ಯ_ಅಂಬಾಸಿಡರ್ (ಮೇ 25)

ನಾನು ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಫ್ಯಾಕ್ಟರಿಯವರು ಆ ಚುಕ್ಕಿ ಹೊಡೆದಿದ್ದಾದರೂ ಯಾಕೆ? ನನ್ನದು 1978ರ ಅಂಬಾಸಿಡರ್. ಡಿಕ್ಕಿ ಒಳಗೆ ಹೊರಗಿನ ಬಣ್ಣವೇ ತೆಳ್ಳಗೆ ಹೊಡೆದಿದ್ದಾರೆ, ಮೇಲೆ ಮ್ಯಾಟ್ ಹಾಸಿದೆ, ಅಷ್ಟೇ. ಇನ್ನೊಂದು ಏನಂದರೆ ನಮ್ಮ ಕಡೆ ಗದ್ದೆ, ನಾಲೆ, ವರ್ಷವೆಲ್ಲ ತೇವ. ಡಿಕ್ಕಿ ನೆಲ ಒಂದು ಸಲ ತೂತು ಬಿದ್ದು ಟಿಂಕರಿಂಗ್ ಮಾಡಿಸಿದ ಮೇಲೆ ನಾನೂ ಕಪ್ಪು ಕೋಟಿಂಗನ್ನೇ ಹೊಡೆಸಿದೆ. ಗಾಡಿ ಉಳಿಯೋದು ಮುಖ್ಯ ಅಲ್ವಾ? ಚುಕ್ಕಿ ನೋಡಿಕೊಂಡು ತುಕ್ಕು ಬಿಡೋಕಾಗುತ್ತಾ?

ಇಂಪಾಲಾ64_ಸರಸ್ವತಿಪುರಂ (ಮೇ 25)

ಕೇಳಿದ್ದು ಒಳ್ಳೇದಾಯ್ತು ಸರ್. ಯಾಕೆ ಹೊಡೆದರು ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಡಿಕ್ಕಿ ಒಳಗೆ ತಗಡಿನ ಜೋಡಣೆ ಎಲ್ಲ ಬಯಲಿಗೆ ಕಾಣುತ್ತದೆ. ಸ್ಪಾಟ್ ವೆಲ್ಡಿನ ಗುಳಿ, ಜಾಯಿಂಟಿಗೆ ಬಳಿದ ಸೀಲರ್, ಒರಟು ಅಂಚು. ಹೊರಗಿನ ಪೇಂಟ್ ಹೊಡೆಯುವಾಗ ಒಳಗೆ ಹಾರಿ ಬಿದ್ದ ಬಣ್ಣದ ಪುಡಿ. ಅದನ್ನೆಲ್ಲ ಉಜ್ಜಿ ನೀಟು ಮಾಡುತ್ತಾ ಕೂತರೆ ಲೈನ್ ನಿಂತುಹೋಗುತ್ತದೆ. ಚುಕ್ಕಿ ಇದ್ದರೆ ಕಣ್ಣು ಚುಕ್ಕಿ ಮೇಲೆ ಹೋಗುತ್ತದೆ, ಕೆಳಗಿನ ಒರಟು ಕಾಣುವುದಿಲ್ಲ. ಕೊಳೆ, ಗೀರು ಕೂಡ ಬೇಗ ಎದ್ದು ಕಾಣಲ್ಲ. ಹೊರಗೆ ಕೆಂಪು ಕಾರಿರಲಿ ಬಿಳಿ ಕಾರಿರಲಿ, ಒಳಗೆ ಒಂದೇ ಪೇಂಟ್ ನಡೆಯುತ್ತದೆ. ಎಲ್ಲ ಕಾರಿಗೂ ಬೂದು-ಬಿಳಿಯೇ ಅಂತ ಅಲ್ಲ, ಜಿಎಂನದೇ ಬೇರೆ ಕಾರುಗಳಲ್ಲಿ ಕಪ್ಪು ನೆಲದ ಮೇಲೆ ನೀಲಿ-ಹಸಿರು ಚುಕ್ಕಿಯೂ ಇತ್ತು. ಅದಕ್ಕೇ ಪುಸ್ತಕ ನೋಡಿ ಹೊಡೆಯುವುದಕ್ಕಿಂತ ನಮ್ಮ ಕಾರನ್ನೇ ಕೇಳಬೇಕು ಅನ್ನೋದು ನನ್ನ ಹಟ.

ತುಕ್ಕಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ತುಕ್ಕು ಬಿಟ್ಟು ಚುಕ್ಕಿ ಹೊಡೆಯಲ್ಲ. ಆದರೆ ಕಪ್ಪು ಕೋಟಿಂಗ್ ಕೆಳಗೆ ತುಕ್ಕು ಶುರುವಾದರೆ ನಮಗೆ ಕಾಣುವುದೇ ಇಲ್ಲ ಸರ್, ಒಂದು ದಿನ ಸ್ಟೆಪ್ನಿ ಇಟ್ಟಾಗ ಕೆಳಗೆ ಹೋಗುತ್ತದೆ. ಬರಿ ತಗಡು ಕಂಡ ಕಡೆ ತುಕ್ಕು ತಡೆಯುವ ಮೊದಲ ಪದರ, ಎಪಾಕ್ಸಿ ಪ್ರೈಮರ್ ಹೊಡೆಸುತ್ತೇನೆ. ಕಾರಿನ ಹೊಟ್ಟೆ ಕೆಳಗೆ ಬೇಕಾದಷ್ಟು ಕಪ್ಪು ಹೊಡೆಯಲಿ. ಒಳಗೆ ಕಣ್ಣಿಗೆ ಬೀಳುವ ಮೇಲ್ಮೈ ಮಾತ್ರ 64ರಲ್ಲಿ ಹೇಗಿತ್ತೋ ಹಾಗೆ ಇರಲಿ.

ಮಂಡ್ಯ_ಅಂಬಾಸಿಡರ್ (ಮೇ 25)

ಸರಿ, ಒಪ್ಪಿದೆ. ಆದರೆ ಪೇಂಟಿಗೆ ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ. ಡಿಕ್ಕಿ ನೆಲಕ್ಕೆ ನ್ಯೂಸ್ ಪೇಪರ್ ಹಾಸಿ, ಮುಚ್ಚಿ, ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ. ತೆಗೆದಾಗ ಪೇಪರ್ ಎಲ್ಲಿ ನೆಂದಿದೆ ಅಂತ ಗೊತ್ತಾಗುತ್ತದೆ. ಎಲ್ಲರೂ ಡಿಕ್ಕಿ ರಬ್ಬರನ್ನೇ ಬೈಯುತ್ತಾರೆ. ಜಾಸ್ತಿ ಸಲ ತಪ್ಪು ಹಿಂದಿನ ಗ್ಲಾಸಿನದು. ಗ್ಲಾಸಿನ ಕೆಳಗಿನ ಮೂಲೆಯಲ್ಲಿ ತುಕ್ಕು ಹಿಡಿದು ಅಲ್ಲಿಂದ ನೀರು ಇಳಿಯುತ್ತದೆ. ಹಳೇ ಅಮೆರಿಕನ್ ಗಾಡಿಗಳಿಗೆ ಇದು ಹುಟ್ಟು ಕಾಯಿಲೆ.

ಇಂಪಾಲಾ64_ಸರಸ್ವತಿಪುರಂ (ಜೂನ್ 2)

ಅಪ್‌ಡೇಟ್. ಮಂಡ್ಯದವರ ಮಾತು ನಿಜವಾಯಿತು. ರಬ್ಬರ್ ಹತ್ತಿರ ಪೇಪರ್ ಒಣಗಿತ್ತು, ಬಲಗಡೆ ಗ್ಲಾಸಿನ ಮೂಲೆ ಕೆಳಗೆ ಪೂರ್ತಿ ನೆಂದಿತ್ತು. ಗ್ಲಾಸ್ ತೆಗೆಸಿ ಆ ಚಾನಲ್ ರಿಪೇರಿಗೆ ಕೊಟ್ಟಿದ್ದೇನೆ. ಕಪ್ಪು ಬಳಿದ ಗ್ಯಾರೇಜಲ್ಲ, ಬೇರೆ ಕಡೆ.

ಕಪ್ಪು ಕೋಟಿಂಗ್ ತೆಗೆಯೋಕೆ ಐದು ಸಂಜೆ ಹಿಡಿಯಿತು. ಟೀಚರ್ ಮೇಡಂಗೆ ದೊಡ್ಡ ನಮಸ್ಕಾರ. ಮೊದಲ ಪಂಚೆ ತುಂಡು ಎತ್ತಿದಾಗ ಕಪ್ಪು ಕೆಸರು ಜೊತೆಗೇ ಬಂತು. ಇನ್ನೊಂದು ತುಂಡಿನಲ್ಲಿ ಒರೆಸಿದೆ. ಕೆಳಗಿನಿಂದ ಬಿಳಿ ಚುಕ್ಕಿ ಒಂದೊಂದೇ ಎದ್ದು ಬಂದವು. ರಾತ್ರಿ ಒಂಬತ್ತು ಗಂಟೆಯಲ್ಲಿ ದೊಡ್ಡಪ್ಪನನ್ನು ಕರೆದು ಟಾರ್ಚ್ ಹಾಕಿ ತೋರಿಸಿದೆ.

ಆದರೆ ಬಲಗಡೆ ಎಲ್ಲ ಉಳಿದಿಲ್ಲ. ಗ್ಲಾಸ್ ಮೂಲೆಯಿಂದ ನೀರು ಇಳಿದ ದಾರಿಯಲ್ಲಿ, ಮತ್ತೆ ಚಕ್ರದ ಗುಮ್ಮಟದ ಹಿಂದೆ, ಸುಮಾರು ಎರಡು ಅಡಿ ಅಗಲ ಪೇಂಟೇ ಇಲ್ಲ. ಬರೀ ತುಕ್ಕು. ಒಂದು ಕಡೆ ಅಂಗೈ ಅಗಲ ತಗಡು ಕತ್ತರಿಸಿ ಹೊಸದು ಕೂರಿಸಬೇಕು. ಅಂದರೆ ಬಲಗಡೆ ಅರ್ಧ ಹೊಸ ಚುಕ್ಕಿ, ಮಿಕ್ಕಿದ್ದು ಹಳೇ ಚುಕ್ಕಿ. ಎರಡೂ ಪಕ್ಕಪಕ್ಕದಲ್ಲೇ ಕೂರಬೇಕು.

ಇನ್ನೊಂದು ಸಂಗತಿ. ಡಿಕ್ಕಿ ಬಾಯಿಯ ಸುತ್ತ ರಬ್ಬರ್ ಬೀಡಿಂಗ್ ಅಂಟಿಸಿರುತ್ತಾರಲ್ಲ, ಅದನ್ನು ಬಿಚ್ಚಿದೆ. ಅದನ್ನು ಫ್ಯಾಕ್ಟರಿಯಲ್ಲಿ ಪೇಂಟ್ ಆದ ಮೇಲೆ ಅಂಟಿಸಿದ್ದು. ಹಾಗಾಗಿ ಅದರ ಕೆಳಗೆ ಬಿಸಿಲು, ಗಾಳಿ, ಕೈ ಏನೂ ತಾಗದ ಪೇಂಟ್ ಸಿಕ್ಕಿತು. ಅಲ್ಲಿ ಚುಕ್ಕಿ ಹಾಲಿನಷ್ಟು ಬಿಳಿ. ಹೊರಗೆ ಕಾಣುವ ಕಡೆ ಅದೇ ಚುಕ್ಕಿ ಹಳೇ ಪಂಚಾಂಗದ ಹಾಳೆ ಥರ ಹಳದಿ ತಿರುಗಿದೆ. ಕಾರಿನ ಹೊರಗಿನ ಎರ್ಮಿನ್ ವೈಟ್ ಕೂಡ ಅಂಚು ದಾಟಿ ಎರಡು ಬೆರಳಗಲ ಒಳಗೆ ಮಂಜಿನ ಹಾಗೆ ಹಾರಿ ಬಿದ್ದಿದೆ. ಅದರ ಮೇಲೆ ಬೂದು ಬಂದಿದೆ. ಅಂದರೆ ನಮ್ಮ ಕಾರಿಗೆ ಹೊರಗಿನ ಬಣ್ಣ ಮೊದಲು ಹೊಡೆದು ಆಮೇಲೆ ಚುಕ್ಕಿ ಹೊಡೆದಿದ್ದಾರೆ. ಹಿಂದಿನ ಲೈಟಿಗೆ ಹೋಗುವ ಬ್ರಾಕೆಟ್ ಹಿಂದೆ ಗನ್ ತಲುಪದೆ ಅಂಗೈ ಅಗಲ ಜಾಗದಲ್ಲಿ ಬರೀ ಪ್ರೈಮರ್ ಉಳಿದಿದೆ. ಆ ದಿನ ಗನ್ ಹಿಡಿದು ನಿಂತಿದ್ದ ಮನುಷ್ಯನ ಕೈ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಟ್ಟುತ್ತದೆ.

ಯಾದವಗಿರಿ_ಜಾವಾ (ಜೂನ್ 2)

ಆ ಪ್ರೈಮರ್ ಜಾಗವನ್ನು ದಯವಿಟ್ಟು ಮುಚ್ಚಬೇಡಿ!

ನಾನು ಕಾರಿನವನಲ್ಲ. ನನ್ನದು ನಮ್ಮ ಮೈಸೂರಿನ ಫ್ಯಾಕ್ಟರಿಯಲ್ಲೇ ಹುಟ್ಟಿದ ಜಾವಾ. ಹತ್ತು ವರ್ಷದ ಹಿಂದೆ ನನ್ನ ಗಾಡಿಯ ಟ್ಯಾಂಕ್ ಮತ್ತು ಟೂಲ್ ಬಾಕ್ಸ್ ಬಿಚ್ಚಿ, ಒಳಗೂ ಹೊರಗೂ ಗಾಜಿನ ಹಾಗೆ ಹೊಳೆಯುವಂತೆ ಮೆರೂನ್ ಹೊಡೆಸಿದೆ. ಟೂಲ್ ಬಾಕ್ಸ್ ಒಳಗೆ ಮೊದಲು ತೆಳ್ಳಗೆ ಒರಟಾಗಿ ಇತ್ತು, ಒಂದು ಮೂಲೆಯಲ್ಲಿ ಪೇಂಟ್ ಇಳಿದು ಹನಿ ಗಟ್ಟಿಯಾಗಿತ್ತು. ಆ ಹನಿಯನ್ನು ನಾನೇ ಉಪ್ಪು ಕಾಗದ ಹಾಕಿ ಉಜ್ಜಿಬಿಟ್ಟೆ. ಜುಲೈಯಲ್ಲಿ ಜಾವಾ-ಯೆಜ್ಡಿ ದಿನಕ್ಕೆ ಎಲ್ಲರೂ ಸೇರಿದಾಗ ಒಬ್ಬರು ಹಿರಿಯರು ಬಂದರು, ಮೊದಲು ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಟೂಲ್ ಬಾಕ್ಸ್ ತೆಗೆದು ನೋಡಿ "ಇದು ನಮ್ಮ ಕೈಯದ್ದಲ್ಲ" ಅಂತ ಹೇಳಿ ಮುಚ್ಚಿದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ಇಂಪಾಲಾ64_ಸರಸ್ವತಿಪುರಂ (ಜೂನ್ 3)

ಮುಚ್ಚಲ್ಲ ಅಣ್ಣ. ಮಾತು ಕೊಟ್ಟೆ.

ಕೆಮಿಸ್ಟ್ರಿ_ಟೀಚರ್ (ಜೂನ್ 5)

ಆ ಕಾಲದ ಚುಕ್ಕಿ ಪೇಂಟಿನ ಗುಟ್ಟು ಹೇಳುತ್ತೇನೆ. ನನಗೆ ಪಾಠ ಮಾಡುವಷ್ಟೇ ಖುಷಿ ಕೊಡುವ ವಿಷಯ ಇದು.

ಎರಡು ಸಲ ಹೊಡೆದು ಚುಕ್ಕಿ ಮಾಡುತ್ತಿರಲಿಲ್ಲ. ಎರಡು ಬಣ್ಣವೂ ಒಂದೇ ಡಬ್ಬದಲ್ಲಿ ಇರುತ್ತಿದ್ದವು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ಹನಿಹನಿಯಾಗಿ ತೇಲುತ್ತದಲ್ಲ, ಹಾಗೆ. ಒಂದು ದ್ರವದೊಳಗೆ ಅದಕ್ಕೆ ಬೆರೆಯದ ಬೇರೆ ಬಣ್ಣದ ಹನಿಗಳು. ಹನಿಗಳು ಒಂದಕ್ಕೊಂದು ಅಂಟದ ಹಾಗೆ ಪ್ರತಿ ಹನಿಯ ಸುತ್ತ ತೆಳುವಾದ ಪೊರೆ. ಗನ್ನಿನಿಂದ ಹೊರಟು ತಗಡಿಗೆ ಬಡಿದಾಗ ಹನಿ ಒಡೆದು ಚಪ್ಪಟೆಯಾಗಿ ಚುಕ್ಕಿ ಆಗುತ್ತದೆ. ಅದಕ್ಕೇ ಇಂಥ ಪೇಂಟನ್ನು ಜೋರಾಗಿ ಕುಲುಕಬಾರದು, ಮೆಷಿನ್ನಿಗೆ ಹಾಕಬಾರದು, ಬಟ್ಟೆಯಲ್ಲಿ ಸೋಸಬಾರದು, ಗಾಳಿ ಒತ್ತಡ ಜಾಸ್ತಿ ಇಡಬಾರದು. ಹಾಗೆ ಮಾಡಿದರೆ ಡಬ್ಬದಲ್ಲೇ ಪೊರೆ ಒಡೆದು ಎಲ್ಲ ಕಲೆತು ಒಂದೇ ಬೂದು ಆಗುತ್ತದೆ. ಕೋಲಿನಲ್ಲಿ ನಿಧಾನ ತಿರುಗಿಸಬೇಕು, ಅಷ್ಟೇ.

ಅಮೆರಿಕದಲ್ಲಿ ಇಂಥ ಪೇಂಟ್ ಈಗಲೂ ಸ್ಪ್ರೇ ಡಬ್ಬದಲ್ಲಿ, ಕ್ವಾರ್ಟ್ ಡಬ್ಬದಲ್ಲಿ ಸಿಗುತ್ತದೆ. ನೀರಿನ ಆಧಾರದ್ದಾದರೆ ಒಣಗಿದ ಮೇಲೆ ಮೇಲಿಂದ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ, ಬಣ್ಣವಿಲ್ಲದ ಕೋಟ್) ಬೇಕೇ ಬೇಕು, ಇಲ್ಲದಿದ್ದರೆ ಒದ್ದೆ ಬಟ್ಟೆಗೇ ಕಿತ್ತು ಬರುತ್ತದೆ.

ಪೇಂಟರ್_ಮಗ_ಮಂಡಿಮೊಹಲ್ಲಾ (ಜೂನ್ 5)

ಮೇಡಂ ಹೇಳಿದ ಡಬ್ಬ ತರಿಸೋದು ಬೇಡ ಅಂತ ನನ್ನ ಅಭಿಪ್ರಾಯ. ಖರ್ಚಿನ ಮಾತಲ್ಲ. ಅಣ್ಣನ ಕಾರಿನಲ್ಲಿ ಹೊಸ ಚುಕ್ಕಿ ಹಳೇ ಚುಕ್ಕಿ ಪಕ್ಕ ಕೂರಬೇಕು. ರೆಡಿ ಡಬ್ಬದಲ್ಲಿ ಚುಕ್ಕಿ ಸೈಜು, ಬಣ್ಣ ನಮ್ಮ ಕೈಯಲ್ಲಿ ಇರಲ್ಲ. ನಾವೇ ಎರಡು ಸಲ ಹೊಡೆಯೋಣ. ಮೊದಲು ಬೂದು ನೆಲ, ಒಣಗಿದ ಮೇಲೆ ಬಿಳಿ ಚುಕ್ಕಿ.

ಚುಕ್ಕಿಗೆ ದೊಡ್ಡ ನಾಝಲ್ ಬೇಕು, 2 ಎಂಎಂಗಿಂತ ಕಡಿಮೆ ಬೇಡ. ಬಿಳಿಯನ್ನು ದೋಸೆ ಹಿಟ್ಟಿನಷ್ಟು ಗಟ್ಟಿ ಇಡಿ. ಗಾಳಿ ಒತ್ತಡ ಮಾಮೂಲಿ 40-50 ಪಿಎಸ್ಐ ಇಟ್ಟು ಹೊಡೆಯುತ್ತೇವಲ್ಲ, ಇದಕ್ಕೆ 10ರಿಂದ 15 ಸಾಕು. ಗಾಳಿ ಕಡಿಮೆ ಆದಷ್ಟೂ ಗನ್ ಪೇಂಟನ್ನು ಪುಡಿ ಮಾಡೋಕಾಗದೆ ಉಗುಳುತ್ತದೆ. ಆ ಉಗುಳೇ ಚುಕ್ಕಿ. ಚಿಕ್ಕ ಚುಕ್ಕಿ ಬೇಕಾದರೆ ಗಾಳಿ ಸ್ವಲ್ಪ ಏರಿಸಿ, ದೊಡ್ಡದು ಬೇಕಾದರೆ ಇಳಿಸಿ. ಮೊದಲು ತಗಡಿನ ಮೇಲೆ ಅಭ್ಯಾಸ ಮಾಡಿ, ಕಾರಿಗೆ ನೇರ ಹೋಗಬೇಡಿ.

ಪದ್ಮಿನಿ_ಕುವೆಂಪುನಗರ (ಜೂನ್ 6)

ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ಪಯಣ ಕಾರು ಮ್ಯೂಸಿಯಂ ಇದೆಯಲ್ಲ, ಅಲ್ಲಿ ಒಂದು ಸಲ ನೋಡಿಕೊಂಡು ಬಂದರೆ ಹೇಗೆ? ಅಮೆರಿಕನ್ ಗಾಡಿ ಇದ್ದರೆ ಹೋಲಿಸಬಹುದು.

ಇಂಪಾಲಾ64_ಸರಸ್ವತಿಪುರಂ (ಜೂನ್ 6)

ಕಾರು ನೋಡೋಕೆ ಖಂಡಿತ ಹೋಗಬೇಕು. ಆದರೆ ಡಿಕ್ಕಿ ತೆಗೆದು ಮ್ಯಾಟ್ ಎತ್ತಿ ತೋರಿಸಿ ಅಂತ ಕೇಳೋಕೆ ಸಂಕೋಚ. ಮತ್ತೆ ನನ್ನ ಕಾರಿನ ಎಡಗಡೆಯೇ ನನಗೆ ಸಾಕ್ಷಿ. ಅದಕ್ಕಿಂತ ಒಳ್ಳೇ ನಕ್ಷೆ ಎಲ್ಲಿ ಸಿಗುತ್ತದೆ?

ಇಂಪಾಲಾ64_ಸರಸ್ವತಿಪುರಂ (ಜುಲೈ 13)

ಒಂದು ತಿಂಗಳಿಂದ ಸುಮ್ಮನಿದ್ದೆ, ಕ್ಷಮಿಸಿ. ತಗಡು ಕೆಲಸ, ಎಪಾಕ್ಸಿ ಪ್ರೈಮರ್ ಮುಗಿಯಿತು. ಈಗ ಅಭ್ಯಾಸದ ಕಥೆ.

ಮೊದಲು ಎಡಗಡೆಯ ಮೂಲ ಚುಕ್ಕಿಯನ್ನು ಅಳೆದೆ. ರಟ್ಟಿನಲ್ಲಿ 10 ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದು ತೂತು ಮಾಡಿದೆ. ಆ ರಟ್ಟನ್ನು ಡಿಕ್ಕಿಯಲ್ಲಿ ಬೇರೆ ಬೇರೆ ಕಡೆ ಇಟ್ಟು, ತೂತಿನೊಳಗೆ ಕಾಣುವ ಚುಕ್ಕಿ ಎಣಿಸಿದೆ. ನೆಲದ ಮೇಲೆ 18, 20, 17. ಪಕ್ಕದ ಗೋಡೆಗೆ 12, 13. ಮೇಲಿನ ಮೂಲೆಗೆ ಬರೀ 6. ದೊಡ್ಡ ಚುಕ್ಕಿ ಸಾಸಿವೆ ಕಾಳಿನಷ್ಟು, ಸಣ್ಣವು ಗಸಗಸೆಯಷ್ಟು. ಗೋಡೆಯ ಮೇಲಿನ ಚುಕ್ಕಿ ಸ್ವಲ್ಪ ಉದ್ದವಾಗಿ ಕೆಳಗೆ ಎಳೆದಂತಿವೆ. ಗನ್ ಮೇಲಿನಿಂದ ಓರೆಯಾಗಿ ಬಂದಿದ್ದಕ್ಕೆ ಹಾಗಾಗಿದೆ ಅಂತ ನನ್ನ ಊಹೆ. ಎಲ್ಲ ಕಡೆ ಒಂದೇ ಸಮ ಹೊಡೆದರೆ ಅದು ಡಿಕ್ಕಿ ಥರ ಕಾಣುವುದಿಲ್ಲ, ಬಸ್ ಸ್ಟ್ಯಾಂಡ್ ಬೆಂಚಿನ ಥರ ಕಾಣುತ್ತದೆ.

ಆಮೇಲೆ ಬಿಸ್ಕತ್ ಟಿನ್ನಿನ ಮುಚ್ಚಳಗಳ ಮೇಲೆ ಎನ್‌ಸಿ (ನೈಟ್ರೊಸೆಲ್ಯುಲೋಸ್ ಲ್ಯಾಕರ್) ಬೂದು ಹೊಡೆದೆ. ಐದು ಮುಚ್ಚಳವೂ ಒಣಗುತ್ತಾ ಬೆಳ್ಳಗೆ ಮಬ್ಬು ಹಿಡಿದವು, ವಿಭೂತಿ ಬಳಿದ ಹಾಗೆ. ಪೇಂಟ್ ಕೆಟ್ಟಿದೆಯಾ?

ಕೆಮಿಸ್ಟ್ರಿ_ಟೀಚರ್ (ಜುಲೈ 13)

ಪೇಂಟ್ ಕೆಟ್ಟಿಲ್ಲ, ಹವೆ ಅಂಥದ್ದು. ಥಿನ್ನರ್ ಬೇಗ ಆವಿಯಾಗುವಾಗ ತಗಡಿನ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿರುವ ನೀರಿನ ಅಂಶ ಆ ತಂಪಿಗೆ ಒದ್ದೆ ಪೇಂಟ್ ಮೇಲೆ ಕೂರುತ್ತದೆ. ಅದೇ ಆ ಬಿಳಿ ಮಬ್ಬು. ನಿಧಾನ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಸೇರಿಸಿದರೆ ಕಡಿಮೆಯಾಗುತ್ತದೆ. ಆದರೆ ನಾನಾಗಿದ್ದರೆ ಕಾಯುತ್ತಿದ್ದೆ.

ಪೇಂಟರ್_ಮಗ_ಮಂಡಿಮೊಹಲ್ಲಾ (ಜುಲೈ 14)

ಕಾಯಿರಿ ಅಣ್ಣ. ಇನ್ನೊಂದು ಉಪಾಯ. ನೆಲದ ಬೂದನ್ನು ಎನ್‌ಸಿಯಲ್ಲಿ ಬೇಡ, ಹಾರ್ಡನರ್ ಹಾಕುವ, ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಪೇಂಟಿನಲ್ಲಿ ಹೊಡೆದು ಒಂದು ವಾರ ಪೂರ್ತಿ ಗಟ್ಟಿಯಾಗೋಕೆ ಬಿಡಿ. ಚುಕ್ಕಿ ಮಾತ್ರ ಎನ್‌ಸಿ. ಚುಕ್ಕಿ ಸರಿ ಬರದಿದ್ದರೆ ಹಸಿ ಇರುವಾಗಲೇ ಥಿನ್ನರ್ ಬಟ್ಟೆಯಲ್ಲಿ ಒಂದೇ ಸಲ ಒರೆಸಿ ಮತ್ತೆ ಹೊಡೆಯಬಹುದು, ಕೆಳಗಿನ ಪಿಯು ಅಲುಗಲ್ಲ. ಎನ್‌ಸಿ ಮೇಲೆ ಎನ್‌ಸಿ ಆದರೆ ಒರೆಸೋಕೆ ಹೋದಾಗ ಎರಡೂ ಬರುತ್ತವೆ. ಹಳೇ ಪೇಂಟ್ ಇರುವ ಕಡೆ ಮಾತ್ರ ಪ್ಲಾಸ್ಟಿಕ್ ಮುಚ್ಚಿ ಟೇಪ್ ಹಾಕಿ, ಅಲ್ಲಿಗೆ ಥಿನ್ನರ್ ಹನಿಯೂ ಹೋಗಬಾರದು.

ಹಾರ್ಡನರ್ ಹಾಕಿದ ಪೇಂಟಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಒಳ್ಳೇ ಮಾಸ್ಕ್ ಹಾಕಿ. ಡಿಕ್ಕಿ ಅಂದರೆ ಮುಚ್ಚಿದ ಪೆಟ್ಟಿಗೆ. ನಮ್ಮಪ್ಪನ ಎದೆ ಹಾಳಾಗಿದ್ದು ಹೀಗೇ.

ಮಂಡ್ಯ_ಅಂಬಾಸಿಡರ್ (ಜುಲೈ 14)

ಚುಕ್ಕಿ ಯಾವ ಬಿಳಿ? ರಬ್ಬರ್ ಕೆಳಗೆ ಸಿಕ್ಕ ಹಾಲಿನ ಬಿಳಿಯಾ, ಹೊರಗಿನ ಹಳದಿ ಬಿಳಿಯಾ? ಫ್ಯಾಕ್ಟರಿ ಫಿನಿಷ್ ಅಂದಮೇಲೆ ಹಾಲಿನ ಬಿಳಿಯೇ ಸರಿ ಅಲ್ವಾ?

ಇಂಪಾಲಾ64_ಸರಸ್ವತಿಪುರಂ (ಜುಲೈ 15)

ಇದೇ ಪ್ರಶ್ನೆ ಒಂದು ವಾರ ನಿದ್ದೆ ಕೆಡಿಸಿದೆ. ಡಿಕ್ಕಿ ಪೂರ್ತಿ ಹೊಸದಾಗಿ ಹೊಡೆಯುವುದಿದ್ದರೆ ರಬ್ಬರ್ ಕೆಳಗಿನ ಬಿಳಿಯೇ ಸರಿ, ಅದು 64ರ ಬಣ್ಣ. ಆದರೆ ನನ್ನ ಡಿಕ್ಕಿಯಲ್ಲಿ ಮುಕ್ಕಾಲು ಪಾಲು ಮೂಲ ಪೇಂಟ್ ಇನ್ನೂ ಬದುಕಿದೆ. ಪಕ್ಕದಲ್ಲಿ ಹಾಲಿನ ಬಿಳಿ ಹೊಡೆದರೆ ಆ ಮುಕ್ಕಾಲು ಪಾಲು ಕೊಳಕಾಗಿ ಕಾಣುತ್ತದೆ, ಆಮೇಲೆ ಅದನ್ನೂ ಹೊಡೆಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಉಳಿದಿರುವುದಕ್ಕೆ ಹೊಸದು ಹೊಂದಿಕೊಳ್ಳಬೇಕು. ಕಾಲು ಲೀಟರ್ ಬಿಳಿಗೆ ಐದಾರು ಹನಿ ಹಳದಿ, ಒಂದು ಹನಿ ಕಪ್ಪು ಹಾಕಿ ನೋಡುತ್ತಿದ್ದೇನೆ. ಟ್ಯೂಬ್‌ಲೈಟಿನಲ್ಲಿ ಹೊಂದಿದ್ದು ಬಿಸಿಲಿನಲ್ಲಿ ಹೊಂದಲಿಲ್ಲ. ಈಗ ಮುಚ್ಚಳಗಳನ್ನು ಬೆಳಿಗ್ಗೆ ಹತ್ತು ಗಂಟೆ ಬೆಳಕಿನಲ್ಲಿ ಮಾತ್ರ ನೋಡುತ್ತೇನೆ.

ಪದ್ಮಿನಿ_ಕುವೆಂಪುನಗರ (ಜುಲೈ 15)

ಈ ಮಾತು ನನಗೂ ಬೇಕಿತ್ತು. ನನ್ನ ಪದ್ಮಿನಿಯ ಡಿಕ್ಕಿ ಪೂರ್ತಿ ಉಜ್ಜಿಸೋಕೆ ದಿನ ಗೊತ್ತು ಮಾಡಿದ್ದೆ. ನಿಲ್ಲಿಸಿದೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು ನೋಡುತ್ತೇನೆ.

ಇಂಪಾಲಾ64_ಸರಸ್ವತಿಪುರಂ (ಸೆಪ್ಟೆಂಬರ್ 14)

ಮುಗಿಯಿತು! ನಡೆದ ಹಾಗೇ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಆಗಸ್ಟ್ ಕೊನೆಗೆ ನಾಲ್ಕು ದಿನ ಒಳ್ಳೇ ಬಿಸಿಲು ಬಂತು. ಪಿಯು ಬೂದನ್ನು ತೆಳ್ಳಗೆ ಎರಡು ಕೋಟ್ ಹೊಡೆದೆವು. ಹೊಸದು-ಹಳೇದು ಸೇರುವ ಅಂಚಿಗೆ ಟೇಪಿನಿಂದ ನೇರ ಗೆರೆ ಎಳೆಯಲಿಲ್ಲ. ಟೇಪಿನ ಅಂಚನ್ನು ಒಳಗೆ ಮಡಚಿ ಎತ್ತಿ ಅಂಟಿಸಿದೆವು, ಬಣ್ಣ ಅದರ ಕೆಳಗೆ ಮಂಜಿನ ಹಾಗೆ ಹಾರಿ ತೆಳುವಾಯಿತು. ಒಂದು ವಾರ ಬಿಟ್ಟೆವು.

ಚುಕ್ಕಿ ಹೊಡೆಯೋ ದಿನ ಮಂಡಿ ಮೊಹಲ್ಲಾದ ತಮ್ಮ ತಾನೇ ಗನ್ ಹಿಡಿದು ಬಂದ. ಮೊದಲ ಸಲ 10 ಪಿಎಸ್ಐ ಇಟ್ಟಾಗ ಚುಕ್ಕಿ ಕಡಲೆಬೇಳೆಯಷ್ಟು ದಪ್ಪ ಬಂತು. ಅವನ ಉಪಾಯದಂತೆ ಥಿನ್ನರ್ ಬಟ್ಟೆಯಲ್ಲಿ ಒರೆಸಿದೆವು, ಬೂದು ಜಗ್ಗಲಿಲ್ಲ. ಎರಡನೇ ಸಲ 14, ಬಿಳಿಗೆ ಒಂದು ಚಮಚ ಥಿನ್ನರ್. ಸಾಸಿವೆ, ಗಸಗಸೆ ಎರಡೂ ಬಂದವು. ಅವನು ಗನ್ನನ್ನು ಡಿಕ್ಕಿ ಹೊರಗೆ ನಿಂತು ಮೇಲಿನಿಂದಲೇ ಆಡಿಸಿದ. ಒಳಗೆ ತೂರಿ ಹೊಡೆಯಲಿಲ್ಲ. ಹಾಗೆ ಮಾಡಿದ್ದಕ್ಕೇ ಗೋಡೆಯ ಮೇಲಿನ ಚುಕ್ಕಿ ಕೆಳಗೆ ಎಳೆದಂತೆ ಬಂತು, ಮೂಲದ ಹಾಗೆಯೇ. ರಟ್ಟಿನ ತೂತು ಇಟ್ಟು ಎಣಿಸಿದೆ: ನೆಲ 19, ಗೋಡೆ 12. ಬ್ರಾಕೆಟ್ ಹಿಂದಿನ ಪ್ರೈಮರ್ ಜಾಗ ಹಾಗೇ ಇದೆ, ಜಾವಾ ಅಣ್ಣ ಬಂದು ನೋಡಬಹುದು. ಮೇಲಿಂದ ಕ್ಲಿಯರ್ ಹೊಡೆಯಲಿಲ್ಲ. ನಮ್ಮದು ನೀರಿನ ಪೇಂಟ್ ಅಲ್ಲ, ಅಗತ್ಯವಿಲ್ಲ, ಮತ್ತೆ ಬೆರಳಿಗೆ ಆ ಉಬ್ಬು ಸಿಗಬೇಕಿತ್ತು ನನಗೆ.

ನಿನ್ನೆ ಸಂಜೆ ದೊಡ್ಡಪ್ಪನನ್ನು ಕರೆತಂದೆ. ಎಲ್ಲಿ ಹಳೇದು ಎಲ್ಲಿ ಹೊಸದು ಅಂತ ನಾನು ಹೇಳಲಿಲ್ಲ. ಅವರು ಎಡಗಡೆ ಬಗ್ಗಿ, ಚಕ್ರದ ಗುಮ್ಮಟದ ಮೇಲೆ ಕೈ ಇಟ್ಟು, ಒಂದು ಗೀರು ಹುಡುಕಿದರು. ಅಷ್ಟು ದಿನ ಒಳಗೆ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆಯ ಮದುವೆಯ ದಿನ ಹೊಲಿಗೆ ಮೆಷಿನ್ ಇಳಿಸುವಾಗ ಅದರ ಕಾಲು ತಾಗಿ ಆದ ಗೀರಂತೆ. "ಇದೂ ಹೊಡೆದುಬಿಟ್ಟಿರೇನೋ ಅಂದುಕೊಂಡಿದ್ದೆ" ಅಂದರು. ಆಮೇಲೆ ಬಲಗಡೆ ಕೈಯಾಡಿಸಿ "ಇಲ್ಲಿ ನೀರು ಬರ್ತಿತ್ತಲ್ಲ, ಸರಿ ಹೋಯ್ತಾ?" ಅಂತ ಕೇಳಿದರು.

ಮಂಡ್ಯ_ಅಂಬಾಸಿಡರ್ (ಸೆಪ್ಟೆಂಬರ್ 14)

ನಿಮ್ಮ ರಟ್ಟನ್ನು ಎಸೆಯಬೇಡಿ. ನನ್ನ ಗಾಡಿಯ ಕಪ್ಪು ಹೊಡೆಸಿ ಆರು ವರ್ಷ ಆಯ್ತು, ಟರ್ಪೆಂಟೈನಿಗೆ ಬರುತ್ತದಾ ಮೇಡಂ?

ಕೆಮಿಸ್ಟ್ರಿ_ಟೀಚರ್ (ಸೆಪ್ಟೆಂಬರ್ 14)

ಬರಬಹುದು, ಹತ್ತು ನಿಮಿಷ ಸಾಲದು. ನೆನೆಸಿದ ಬಟ್ಟೆ ಹಾಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ಗಂಟೆ ಬಿಡಿ. ನಿಮ್ಮದರ ಕೆಳಗೆ ಎನಾಮಲ್ ಇದ್ದರೂ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ. ಅಂಗೈ ಅಗಲ ತೆಗೆದು ಏನು ಕಂಡಿತು ಅಂತ ಇಲ್ಲೇ ಬರೆಯಿರಿ.

ಇಂಪಾಲಾ64_ಸರಸ್ವತಿಪುರಂ (ಸೆಪ್ಟೆಂಬರ್ 15)

ಭಾನುವಾರ ಗಾಡಿ ತೆಗೆದುಕೊಂಡು ಬನ್ನಿ ಸರ್. ಪಂಚೆ ತುಂಡು, ಟರ್ಪೆಂಟೈನ್ ಎರಡೂ ಮಿಕ್ಕಿವೆ. ಊಟ ನಮ್ಮ ಮನೆಯಲ್ಲೇ.